ಜೋಳ ಕೆಡಿಸುವವರು

"ಮಡಿಲು ಝಾಡಿಸೇ ಮುಂಡೇದೇ! ಹೊಟ್ಟೆಯಂತೆ ಹೊಟ್ಟೆ! ಒಳಗಿರೋದು ಮಗುನೋ ಮೂಟೆನೋ ಯಾರಿಗ್ ಗೊತ್ತು?"

ಮೇಸ್ತ್ರಿ ಹೀಗೆ ಅರಚಿದ್ದು ಕಾರ್ಖಾನೆಯ ಗೇಟಿನಲ್ಲಿ, ಸಂಜೆ ಕೆಲಸ ಬಿಡುವ ಹೊತ್ತಿಗೆ, ಸಾಲಾಗಿ ನಿಂತಿದ್ದ ಹೆಂಗಸರೆಲ್ಲರ ಎದುರಿಗೆ. ಬೈಸಿಕೊಂಡವಳು ತುಂಬು ಬಸುರಿ. ಎರಡೂ ಕೈಯಲ್ಲಿ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಗೇಟಿನ ಕಂಬವನ್ನೇ ನೋಡುತ್ತಾ ನಿಂತಿದ್ದಳು. ಮೇಸ್ತ್ರಿ ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಸೀಟಿಯನ್ನು ಅವಳ ಕಿವಿಯ ಹತ್ತಿರವೇ ಊದಿದ. ಬೆಚ್ಚಿಬಿದ್ದು ಕೈಬಿಟ್ಟಳು. ಮಡಿಲಿನಿಂದ ಜೋಳ ಉದುರಿತು. ಬಹಳ ಏನಲ್ಲ, ಒಂದು ಹಿಡಿ.

"ನೋಡ್ರೋ! ನೋಡ್ರೋ! ಹೆರಿಗೆ ಆಯ್ತು!" ಎಂದ ಮೇಸ್ತ್ರಿ. ವಾಚ್‌ಮನ್ ನಕ್ಕ. ನಗಬೇಕಲ್ಲ, ಅವನ ಕೆಲಸವೂ ಮೇಸ್ತ್ರಿಯ ಕೈಯಲ್ಲೇ ಇತ್ತು.

ಸಾಲಿನ ಹಿಂದಿನಿಂದ ಗುಡುಗಕ್ಕ ನುಗ್ಗಿಕೊಂಡು ಬಂದಳು. ಆ ಬಸುರಿ ಅವಳ ನಾದಿನಿ, ಗಂಡನ ಒಬ್ಬಳೇ ತಂಗಿ. ಗುಡುಗಕ್ಕ ಅನ್ನುವುದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವಳ ಗಂಟಲು ಸಂಪಾದಿಸಿದ ಹೆಸರು. ಬಾಯ್ಲರ್ ಬುಸುಗುಟ್ಟುತ್ತಿರುವಾಗಲೂ ಅವಳು ಈ ಕಡೆಯ ಶೆಡ್ಡಿನಲ್ಲಿ ಮಾತಾಡಿದರೆ ಆ ಕಡೆಯ ಶೆಡ್ಡಿನವರು ಉತ್ತರ ಕೊಡುತ್ತಿದ್ದರು.

"ಏನೋ ಬಾಡ್ಯಾ, ಬಸುರಿ ಹೆಂಗ್ಸಿನ ಕಿವಿಗ್ ಸೀಟಿ ಊದ್ತೀಯಾ? ನಿನ್ ಹೆಂಡ್ತಿ ಬಸುರಿಯಾಗಿದ್ದಾಗ್ಲೂ ಹಿಂಗೇ ಊದಿದ್ಯಾ?"

"ಕಳ್ಳತನಕ್ಕೆ ಬಸುರಿ ಬಾಣಂತಿ ಅಂತ ಬೇರೆ ಬೇರೆ ಇರಲ್ಲ ಕಣೇ. ಏಯ್, ನೋಡ್ತಾ ನಿಂತ್ಯಲ್ಲ, ಆಯ್ಕೊಡು. ಒಂದೊಂದ್ ಕಾಳೂ."

ನಾದಿನಿ ಬಗ್ಗಲು ಹೋದಳು, ಹೊಟ್ಟೆ ಬಿಡಲಿಲ್ಲ. ಕೊನೆಗೆ ಮಂಡಿಯೂರಿ, ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಕಾಳು ಆಯತೊಡಗಿದಳು. ಗುಡುಗಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾನೂ ಕೂತು ಆಯ್ದಳು. ಹಲ್ಲಿಲ್ಲದ ಅಜ್ಜಿಯೊಬ್ಬಳು ಕೂತಳು. ಅವಳ ಹಿಂದೆ ಸಾಲಿಗೆ ಸಾಲೇ ಕೂತಿತು. ಒಂದು ಹಿಡಿ ಜೋಳಕ್ಕೆ ಅಷ್ಟೊಂದು ಕೈ.

"ನಾಳೆ ದೊಡ್ ಸಾಹೇಬ್ರು ತಪಾಸಣೆಗ್ ಬರ್ತಾರೆ. ಅವ್ರ ಜೊತೆ ಪೊಲೀಸಿನವನೂ ಬರ್ತಾನೆ," ಎಂದ ಮೇಸ್ತ್ರಿ, ಕಾಳುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟುತ್ತಾ. "ಇದು ಸಾಕ್ಷಿ. ಕದ್ದು ಸಿಕ್ಕಿಬಿದ್ದೋರನ್ನ ಅವನ ಕೈಗೇ ಕೊಡಿ ಅಂತ ಮ್ಯಾನೇಜರ್ ಸಾಹೇಬ್ರು ಹೇಳಿದ್ದಾರೆ. ಇವಳು ಲಾಕಪ್ಪಲ್ಲೇ ಹೆರಲಿ. ನಿಮ್ ಲೈನ್ ಮನೆಗೂ ಬೀಗ."

ಇನ್ನು ಆ ಜೋಳದ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಒಂದು ಹಿಡಿಗೆ ಇಷ್ಟೆಲ್ಲ ಯಾಕೆ ಅಂತ ಗೊತ್ತಾಗುವುದಿಲ್ಲ.

ಈ ಕಾರ್ಖಾನೆಯಲ್ಲಿ ಮೆಕ್ಕೆಜೋಳದಿಂದ ಗಾಡಿಗೆ ಹಾಕುವ ಇಂಧನ ತೆಗೆಯುತ್ತಿದ್ದರು. ಎಥೆನಾಲ್ ಅಂತ ಬೋರ್ಡಿನಲ್ಲಿ ಬರೆದಿತ್ತು, ಪಕ್ಕದಲ್ಲಿ ಒಂದು ಹಸಿರು ಎಲೆಯ ಚಿತ್ರ. ಹೆಂಗಸರ ಬಾಯಲ್ಲಿ ಅದು ಗಾಡಿ ಎಣ್ಣೆ. ಜನ ತಿನ್ನುವ ಧಾನ್ಯವನ್ನು ಗಾಡಿಗೆ ಕುಡಿಸಬಾರದು ಅಂತ ಸರ್ಕಾರ ಒಂದು ಕಾನೂನು ಮಾಡಿತ್ತು. ಒಳ್ಳೆಯ ಕಾನೂನೇ, ಇಲ್ಲ ಅನ್ನುವವರು ಯಾರು? ಮನುಷ್ಯರು ತಿನ್ನಲಾಗದಷ್ಟು ಕೆಟ್ಟುಹೋದ ಧಾನ್ಯದಿಂದ ಮಾತ್ರ ಎಣ್ಣೆ ತೆಗೆಯಬೇಕು. ಹಾಗೆ ತೆಗೆದರೆ ಸರ್ಕಾರವೇ ಒಳ್ಳೆಯ ರೇಟು ಕೊಟ್ಟು ಕೊಳ್ಳುತ್ತದೆ. ಆದರೆ ಅಷ್ಟು ದೊಡ್ಡ ಕಾರ್ಖಾನೆಯ ಹೊಟ್ಟೆ ತುಂಬುವಷ್ಟು ಕೆಟ್ಟ ಜೋಳ ಎಲ್ಲಿಂದ ತರುವುದು? ಈ ಹಾಳು ರೈತರು ಒಳ್ಳೆಯ ಜೋಳವನ್ನೇ ಬೆಳೆಯುತ್ತಾರೆ. ಅದಕ್ಕೇ ಕಾರ್ಖಾನೆಯವರು ಲಾರಿಗಟ್ಟಲೆ ಒಳ್ಳೆಯ ಜೋಳ ತರಿಸಿ, ಶೆಡ್ಡಿನಲ್ಲಿ ಸುರಿದು, ನೀರು ಹೊಯ್ದು, ಮುಗ್ಗಿಸಿ, ಬೂಷ್ಟು ಬರಿಸಿ, ಆಮೇಲೆ ಅಧಿಕಾರಿಗಳನ್ನು ಕರೆಸಿ, "ಅಯ್ಯೋ ನೋಡಿ ಸಾರ್, ಕೆಟ್ಟುಹೋಗಿದೆ" ಅಂತ ತೋರಿಸುತ್ತಿದ್ದರು.

ಆ ಕೆಡಿಸುವ ಕೆಲಸವೇ ಈ ಹೆಂಗಸರದ್ದು. ಮನೆಯಲ್ಲಿ ಸಾರು ಒಂದು ದಿನ ಹಳಸಿದರೆ ಬೈಸಿಕೊಳ್ಳುವವರು, ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಳಸಿದ್ದಕ್ಕೇ ಕೂಲಿ ತೆಗೆದುಕೊಳ್ಳುತ್ತಿದ್ದರು. ಸೇರಿಕೊಂಡ ಹೊಸದರಲ್ಲಿ ಹಲ್ಲಿಲ್ಲದ ಅಜ್ಜಿ ಪೈಪು ಹಿಡಿದು ಜೋಳಕ್ಕೆ ನೀರು ಬಿಡುವಾಗ ಅಳುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ಕೆಟ್ಟ ಮೇಲೆ ಅದನ್ನು ಯಾರು ಬೇಕಾದರೂ ಮೂಸಲಿ, ಮುಟ್ಟಲಿ, ಮೇಸ್ತ್ರಿ ಕೇಳುತ್ತಿರಲಿಲ್ಲ. ಕೆಡುವ ಮೊದಲು ಒಂದು ಕಾಳು ಮುಟ್ಟಿದರೂ ಕಳ್ಳತನ.

ಲೈನ್ ಮನೆ ಅಂದರೆ ಕಾರ್ಖಾನೆಯ ಹಿಂದುಗಡೆ ತಗಡು ಹೊದಿಸಿದ ಒಂದು ಸಾಲು ಕೋಣೆಗಳು. ಒಂದೊಂದು ಕುಟುಂಬಕ್ಕೆ ಒಂದೊಂದು. ಗುಡುಗಕ್ಕನ ಕೋಣೆಯಲ್ಲಿ ಒಂದು ಮೂಲೆ ಒಲೆಗೆ, ಒಂದು ಮೂಲೆ ನಾದಿನಿಗೆ, ಉಳಿದದ್ದು ಗಂಡ ಕಾಲು ಚಾಚುವುದಕ್ಕೆ. ನಾದಿನಿಯ ಗಂಡ ಎಣ್ಣೆ ಟ್ಯಾಂಕರಿನ ಕ್ಲೀನರು, ಊರೂರು ಸುತ್ತುವವನು. ಅವನು ಮನೆಯಲ್ಲಿ ಇದ್ದದ್ದಕ್ಕೆ ಸಾಕ್ಷಿ ಅಂದರೆ ಅವಳ ಹೊಟ್ಟೆ ಒಂದೇ.

ಆ ಸಂಜೆ ನಲ್ಲಿಯಲ್ಲಿ ನೀರು ಬರಲಿಲ್ಲ. ಕಾರ್ಖಾನೆಯ ದೊಡ್ಡ ಪಂಪು ಓಡುತ್ತಿರುವಾಗ ಲೈನಿನ ನಲ್ಲಿ ಬರೀ ಗಾಳಿ ಊದುತ್ತಿತ್ತು. ಹಿಂದಿದ್ದ ಹಳ್ಳದಲ್ಲಿ ನೀರೇನೋ ಇತ್ತು, ಆದರೆ ಕಾರ್ಖಾನೆಯಿಂದ ಬಿಡುವ ಕಪ್ಪು ನೀರು ಸೇರಿ ಹಳ್ಳಕ್ಕೆ ಹಳ್ಳವೇ ಹಳೆಯ ಕಷಾಯದ ಹಾಗೆ ಆಗಿತ್ತು. ನಾಯಿ ಕೂಡ ಮೂಸಿ ವಾಪಸ್ಸು ಬರುತ್ತಿತ್ತು.

"ನೀನ್ಯಾಕೇ ಮುಟ್ಟೋಕ್ ಹೋದೆ?" ಎಂದು ಗುಡುಗಕ್ಕ ನಾದಿನಿಯನ್ನು ಕೇಳಿದಳು. ಅವಳ ಲೆಕ್ಕದಲ್ಲಿ ಅದು ಪಿಸುಮಾತು. ಪಕ್ಕದ ಕೋಣೆಯವರು ಕೆಮ್ಮಿದರು.

"ಹುರಿದ ಜೋಳ ತಿನ್ಬೇಕು ಅನ್ನಿಸ್ತು ಅತ್ತಿಗೆ. ವಾಸನೆ ಬರ್ತಿತ್ತು."

"ಎಲ್ಲಿಂದ ಬರ್ತಿತ್ತೇ? ಅಲ್ಲಿ ಬರೀ ಮುಗ್ಗು ವಾಸನೆ."

"ಗೊತ್ತಿಲ್ಲ. ನಂಗ್ ಬರ್ತಿತ್ತು."

ಗುಡುಗಕ್ಕನಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಬಸುರಿಯ ಬಾಯಿಚಪಲ, ಅಂಗಡಿಯಿಂದ ಒಂದಿಷ್ಟು ಜೋಳ ತಂದು ಹುರಿದುಕೊಡಬಹುದಿತ್ತು. ಆದರೆ ಅಂಗಡಿಯವನು ಜೋಳ ಇಡುವುದನ್ನೇ ಬಿಟ್ಟಿದ್ದ. "ಎಲ್ಲಾ ನಿಮ್ ಕಾರ್ಖಾನೇಗೇ ಹೋಗುತ್ತಲ್ಲಮ್ಮಾ, ನಿಮ್ಮಲ್ಲೇ ಕೇಳಿ" ಎಂದು ಅವಳ ಮೇಲೇ ರೇಗಿದ್ದ. ಮೊದಲು ಅಲ್ಲಿ ಸಿಗುತ್ತಿದ್ದ ಜೋಳದ ಹಿಟ್ಟು ಈಗ ಬಂಗಾರದಂಗಡಿಯಲ್ಲಿ ಇಡುವ ಸರಕಾಗಿತ್ತು.

ಗಂಡ ಬಾಯ್ಲರ್ ಕೆಲಸದಿಂದ ಬಂದ. ಮೈಯೆಲ್ಲ ಮಸಿ, ಹುಬ್ಬು ಅರ್ಧ ಸುಟ್ಟಿತ್ತು. ಅವನು ಬಾಯ್ಲರಿಗೆ ಸೌದೆ ಹಾಕುವವನು. ಮೂರು ಮಾತಾಡಬೇಕಾದಲ್ಲಿ ಒಂದು ಆಡುವ ಮನುಷ್ಯ. ಮನೆಯಲ್ಲಿ ಮಾತಿನ ಖರ್ಚೆಲ್ಲ ಹೆಂಡತಿಯದೇ ಆದ್ದರಿಂದ ಅವನಿಗೆ ತೊಂದರೆ ಇರಲಿಲ್ಲ. ನಡೆದದ್ದನ್ನು ಕೇಳಿ ತಂಗಿಯ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಗೋಡೆಗೆ ಒರಗಿ ಕೂತ.

"ಏನಾದ್ರೂ ಮಾತಾಡ್ರೀ. ನಾಳೆ ನಿಮ್ ತಂಗೀನ ಎಳ್ಕೊಂಡ್ ಹೋಗ್ತಾರೆ."

"ಏನ್ ಮಾತಾಡ್ಲಿ? ಇವತ್ತು ಗುಡ್ಡದ ಆ ಕಡೆ ಕಾಡು ಮುಗೀತು. ನಾಳೆಯಿಂದ ಇನ್ನೂ ದೂರದಿಂದ ಸೌದೆ ಬರುತ್ತೆ."

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ನೋಡೇ." ಅವನು ಮಾತಾಡುವುದೇ ಅಪರೂಪವಾದ್ದರಿಂದ ಇಬ್ಬರೂ ಕಿವಿಗೊಟ್ಟರು. "ಸೌದೆ ತರೋ ಲಾರಿ ಡೀಸೆಲ್ ಕುಡಿಯುತ್ತೆ. ಜೋಳ ತರೋ ಲಾರಿ ಡೀಸೆಲ್ ಕುಡಿಯುತ್ತೆ. ಪಂಪು ಕರೆಂಟ್ ತಿನ್ನುತ್ತೆ. ನಾನು ದಿನಾ ಒಂದ್ ತೋಪು ಉರಿಸ್ತೀನಿ. ಇಷ್ಟೆಲ್ಲಾ ಆದ್ಮೇಲೆ ಒಂದ್ ಟ್ಯಾಂಕರ್ ಎಣ್ಣೆ ಬರುತ್ತೆ. ಆ ಟ್ಯಾಂಕರ್ ಎಳ್ಕೊಂಡ್ ಹೋಗೋಕೂ ಡೀಸೆಲ್ ಬೇಕು. ಬಾವಾನ ಕೇಳಿದ್ದೆ. ಅಷ್ಟ್ ಎಣ್ಣೆ ಹೊತ್ಕೊಂಡ್ ಹೋಗ್ತೀರಲ್ಲ, ಅದನ್ನೇ ಗಾಡಿಗ್ ಹಾಕ್ಕೊಳ್ರೋ ಅಂದೆ. ಹಾಕಿದ್ರೆ ಇಂಜಿನ್ ಹೋಗುತ್ತಂತೆ."

ಗುಡುಗಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾದಿನಿಯೂ ನಕ್ಕಳು. ನಗು ಮುಗಿದ ಮೇಲೆ ಮೂವರಿಗೂ ನಾಳೆಯ ನೆನಪಾಯಿತು.

"ಬೆಳಗ್ಗೆ ಎದ್ದು ಮ್ಯಾನೇಜರ್ ಕಾಲು ಹಿಡೀತೀನಿ," ಎಂದಳು ಗುಡುಗಕ್ಕ.

"ಬಾಯಿ ಮುಚ್ಕೊಂಡು ಹಿಡಿ," ಎಂದ ಗಂಡ.

ಮ್ಯಾನೇಜರಿನ ಕೋಣೆ ತಣ್ಣಗಿತ್ತು. ಗೋಡೆಯ ಮೇಲೆ ಪರಿಸರಸ್ನೇಹಿ ಕಾರ್ಖಾನೆ ಅಂತ ಚೌಕಟ್ಟು ಹಾಕಿದ ಪ್ರಶಸ್ತಿ. ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರು, ಹೊರಗಿನ ನಾತ ಒಳಗೆ ಬರಬಾರದಲ್ಲ. ಮ್ಯಾನೇಜರು ಕನ್ನಡಿಯ ಮುಂದೆ ನಿಂತು ಬರಲಿರುವ ಸಾಹೇಬರ ಮುಂದೆ ಮಾಡಬೇಕಾದ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದ. ಗುಡುಗಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅವನಿಗೆ ಸಂತೋಷವೇ ಆಯಿತು. ಕೇಳುವುದಕ್ಕೆ ಒಂದು ಜನ ಸಿಕ್ಕಿತು.

"ನಿಲ್ಲು ಅಲ್ಲಿ. ಕೇಳು. 'ನಮ್ಮ ಈ ಹಸಿರು ಇಂಧನದಿಂದ ಭೂಮಿತಾಯಿಯ ಉಸಿರು ತಣ್ಣಗಾಗುತ್ತದೆ, ಬಡವರ ಒಲೆ ಉರಿಯುತ್ತದೆ.' ಹೇಗಿದೆ?"

"ಚೆನ್ನಾಗಿದೆ ಬುದ್ದಿ. ನಮ್ ನಾದಿನಿ, ಬಸುರಿ..."

"ಒಲೆ ಅನ್ನೋ ಹತ್ತಿರ ಸ್ವರ ಏರಿಸ್ಬೇಕಾ?"

"ಏರ್ಸಿ ಬುದ್ದಿ. ಒಂದ್ ಹಿಡಿ ಜೋಳ ಬುದ್ದಿ, ಬಾಯಿಚಪಲ. ತಪ್ಪಾಯ್ತು. ನನ್ ಕೂಲೀಲಿ ಹಿಡ್ಕೊಳ್ಳಿ. ಪೊಲೀಸಿಗೆ ಮಾತ್ರ ಕೊಡ್ಬೇಡಿ, ಹೊಟ್ಟೇಲಿರೋದು ಏನ್ ಪಾಪ ಮಾಡಿದೆ?"

ಮ್ಯಾನೇಜರು ಕನ್ನಡಿಯಿಂದ ತಿರುಗಿದ. ಮುಖದಲ್ಲಿದ್ದ ಭಾಷಣ ಇಳಿಯಿತು.

"ಒಂದ್ ಹಿಡಿ ಅಂತ ಬಿಟ್ರೆ ನಾಳೆ ಎಲ್ಲರೂ ಒಂದೊಂದ್ ಹಿಡಿ ಒಯ್ತಾರೆ. ನಿಮ್ಮಂಥೋರಿಗೆ ಕೊಟ್ಟಷ್ಟೂ ಸಾಲ್ದು. ಕೂಲಿ ಕೊಟ್ವಿ, ಮನೆ ಕೊಟ್ವಿ, ಇನ್ನು ತಿನ್ನೋಕೂ ನಾವೇ ಕೊಡ್ಬೇಕಾ? ಒಬ್ಬಳನ್ನ ಒಳಗ್ ಹಾಕಿಸಿದ್ರೆ ಉಳಿದೋರು ನೆಟ್ಟಗಿರ್ತಾರೆ. ನಡಿ, ನಡಿ. ನೀನು ನಿಂತ್ಕೊಂಡ ಜಾಗ ಒರೆಸಿ ಹೋಗು."

ಗುಡುಗಕ್ಕ ಕಾಲು ಹಿಡಿಯಲು ಬಗ್ಗಿದಳು. ಅವನು ಬೂಟು ಹಿಂದಕ್ಕೆಳೆದುಕೊಂಡ, ಪಾಲಿಶ್ ಹಾಳಾಗುತ್ತದೆ ಅಂತ. ಅಷ್ಟರಲ್ಲಿ ಮೇಸ್ತ್ರಿ ಓಡಿಬಂದ. ಅವನ ಮುಖ ನೋಡಿದರೆ ಯಾರೋ ಸತ್ತಿದ್ದಾರೆ ಅನ್ನಿಸಬೇಕು.

"ಸಾರ್, ತೋರ್ಸೋ ಗುಡ್ಡೆ... ಸಾರ್... ಬೆಳೆದ್ಬಿಟ್ಟಿದೆ!"

"ಏನ್ ಬೆಳೆದಿದೆಯೋ?"

"ಜೋಳ ಸಾರ್!"

ತೋರಿಸುವ ಗುಡ್ಡೆ ಅಂದರೆ ಶೆಡ್ಡಿನ ಬಾಗಿಲ ಪಕ್ಕದಲ್ಲಿದ್ದ ದೊಡ್ಡ ಗುಡ್ಡೆ. ಅಧಿಕಾರಿಗಳು ಒಳಗೆ ಬರುತ್ತಲೇ ಕಣ್ಣಿಗೆ ಬೀಳುವಂಥದ್ದು. ಉಳಿದ ಗುಡ್ಡೆಗಳನ್ನು ಹೆಂಗಸರು ಬೇಕಾಬಿಟ್ಟಿ ನೀರು ಬಿಟ್ಟು ಕೊಳೆಯಲು ಬಿಡುತ್ತಿದ್ದರು, ಅವು ಚೆನ್ನಾಗಿಯೇ ಕೊಳೆತು ನಾರುತ್ತಿದ್ದವು. ಈ ಗುಡ್ಡೆಗೆ ಮಾತ್ರ ಮ್ಯಾನೇಜರೇ ಬಂದು, "ಇದನ್ನ ಶ್ರದ್ಧೆಯಿಂದ ಮಾಡಿ, ನಿಮ್ ಮನೆ ಕೆಲಸ ಅಂದ್ಕೊಂಡು ಮಾಡಿ" ಅಂತ ಹೇಳಿಹೋಗಿದ್ದ. ತಪ್ಪಾಗಿದ್ದು ಅಲ್ಲೇ. ಮನೆಯ ಕೆಲಸ ಅಂದ ಕೂಡಲೇ ಆ ಕೈಗಳು ಮನೆಯಲ್ಲಿ ಮಾಡುವುದನ್ನೇ ಮಾಡಿದವು. ಕಾಳು ನೆನೆಸಿದವು. ನೀರು ಬಸಿದವು. ಒದ್ದೆ ಗೋಣಿಚೀಲ ಹೊದಿಸಿ ಬೆಚ್ಚಗಿಟ್ಟವು. ಬೆಳಗ್ಗೆ ಎದ್ದು ಮೆಲ್ಲಗೆ ಕೈಯಾಡಿಸಿ, ಬಾಯ್ಲರಿನಿಂದ ಉಗುರುಬೆಚ್ಚಗಿನ ನೀರು ತಂದು ಚಿಮುಕಿಸಿ, ಮತ್ತೆ ಹೊದಿಸಿದವು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಯಾರಿಗೂ ತಾವು ಏನು ಮಾಡುತ್ತಿದ್ದೇವೆ ಅಂತ ಗಮನವೂ ಇರಲಿಲ್ಲ. ಬಾಯಿ ಊರ ಸುದ್ದಿ ಆಡುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಈಗ ಗೋಣಿ ಸರಿಸಿದರೆ, ಇಡೀ ಗುಡ್ಡೆ ಮೊಳೆತು ನಿಂತಿತ್ತು. ಕಾಳು ಕಾಳಿಗೂ ಬಿಳಿಯ ಬೇರು, ತಿಳಿಹಳದಿ ಮೊಳಕೆ. ತಗಡಿನ ತೂತಿನಿಂದ ಬಿಸಿಲು ಬೀಳುತ್ತಿದ್ದ ಕಡೆ ಹಸಿರು ಕುಡಿಗಳು ತಲೆ ಎತ್ತಿದ್ದವು. ನಾತ ಎಲ್ಲಿಂದ ಬರಬೇಕು? ಆಗ ತಾನೇ ಮಳೆ ಬಿದ್ದ ಹೊಲದ ವಾಸನೆ ಬರುತ್ತಿತ್ತು.

ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತ. "ಕೆಡಿಸ್ರೇ ಅಂದ್ರೆ ಬೆಳೆಸಿದ್ದೀರಲ್ರೇ, ಲೌಡಿಗಳಾ!"

"ಶ್ರದ್ಧೆಯಿಂದ ಮಾಡಿ ಅಂದ್ರಲ್ಲ ಬುದ್ದಿ," ಎಂದಳು ಹಲ್ಲಿಲ್ಲದ ಅಜ್ಜಿ ನಿಜವಾಗಿಯೂ ಹೆದರಿ. "ಕೈ ಅಭ್ಯಾಸ ಬುದ್ದಿ. ನಂಗ್ ಗೊತ್ತೇ ಆಗ್ಲಿಲ್ಲ."

"ಮುಚ್ಚೇ ಮುದುಕಿ! ಹಾಳುಮಾಡೋಕೂ ಬರಲ್ವಾ ನಿಮ್ಗೆ? ಜನ್ಮದಲ್ಲಿ ಒಂದ್ ಕೆಲ್ಸನಾದ್ರೂ ಸರಿಯಾಗ್ ಹಾಳುಮಾಡಿದ್ದೀರಾ?"

ಗುಡ್ಡೆಯನ್ನು ತೆಗೆಸಲು ಹೊತ್ತಿರಲಿಲ್ಲ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ತಪಾಸಣೆಗೆ ಬಂದ ದೊಡ್ಡ ಸಾಹೇಬರಿಗೆ ನೆಗಡಿಯಾಗಿತ್ತು. ಧಾನ್ಯ ಕೆಟ್ಟಿದೆಯೋ ಇಲ್ಲವೋ ಅಂತ ಹೇಳುವುದಕ್ಕೆ ಸರ್ಕಾರ ಅವರಿಗೆ ಕೊಟ್ಟಿದ್ದ ಒಂದೇ ಉಪಕರಣ ಅಂದರೆ ಮೂಗು, ಅದೇ ಕಟ್ಟಿಹೋಗಿತ್ತು. ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಭಾಷಣ ಮಾಡಿದ. ಒಲೆ ಅನ್ನುವ ಹತ್ತಿರ ಸ್ವರ ಏರಿಸಿದ. ಆಮೇಲೆ ಎದೆ ಗಟ್ಟಿಮಾಡಿಕೊಂಡು ಗುಡ್ಡೆಯ ಹತ್ತಿರ ಕರೆದುಕೊಂಡು ಬಂದ.

"ನೋಡಿ ಸಾರ್, ಎಷ್ಟು ಬೂಷ್ಟು."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇಷ್ಟುದ್ದ ಬೂಷ್ಟೇನ್ರೀ?"

"ಹೊಸ ಜಾತಿ ಸಾರ್. ಹವಾಮಾನ ಬದಲಾಗಿದೆಯಲ್ಲ."

"ತುದಿ ಹಸಿರಾಗಿದೆ?"

"ಹಸಿರು ಇಂಧನ ಅಲ್ವಾ ಸಾರ್, ಈಗಿಂದ್ಲೇ ಶುರು."

ಸಾಹೇಬರು ನಕ್ಕರು, ನಕ್ಕು ಸೀನಿದರು. ಜೇಬಿನಿಂದ ಪೆನ್ನು ತೆಗೆದರು. ಅವರಿಗೂ ಬೇಗ ಮುಗಿಸಿ ಹೋಗಿ ಬಿಸಿನೀರಿನ ಹಬೆ ತೆಗೆದುಕೊಳ್ಳಬೇಕಿತ್ತು.

ಬಾಗಿಲಲ್ಲಿ ನಾದಿನಿಯನ್ನು ಬೆಳಗಿನಿಂದ ನಿಲ್ಲಿಸಿದ್ದರು. ಕೂರಲು ಬಿಟ್ಟಿರಲಿಲ್ಲ, ಒಂದು ಲೋಟ ನೀರೂ ಕೊಟ್ಟಿರಲಿಲ್ಲ. ಪಕ್ಕದಲ್ಲಿ ಸಾಹೇಬರ ಜೊತೆ ಬಂದಿದ್ದ ಪೊಲೀಸಿನವನು, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಗುಡುಗಕ್ಕ ಅವರಿಬ್ಬರ ನಡುವೆ ತೂರಿ ನಿಂತಿದ್ದಳು. ಎಳೆದರೆ ತನ್ನನ್ನೇ ಮೊದಲು ಎಳೆಯಲಿ ಅಂತ.

"ಏನ್ ಕದ್ದಿದ್ದಾಳೆ, ಸರಿಯಾಗಿ ಹೇಳಪ್ಪ, ಬರ್ಕೋಬೇಕು," ಎಂದ ಪೊಲೀಸಿನವನು.

ಮೇಸ್ತ್ರಿಗೆ ಇದೇ ಬೇಕಾಗಿತ್ತು. ಕರವಸ್ತ್ರದ ಗಂಟು ಬಿಚ್ಚಿ ಎತ್ತಿ ಹಿಡಿದ. "ನೋಡಿ ಸ್ವಾಮಿ, ಮುತ್ತಿನಂಥ ಜೋಳ! ಒಂದ್ ಕಾಳು ಹುಳ ಇಲ್ಲ, ಜೊಳ್ಳಿಲ್ಲ. ಇಂಥಾ ಒಳ್ಳೇ ಜೋಳಾನ ಕದ್ದಿದ್ದಾಳೆ."

"ಎಲ್ಲಿಂದ?"

"ಇದೇ ಗುಡ್ಡೆಗೆ ಸುರಿಯೋಕಿಟ್ಟ ಮೂಟೆಯಿಂದ!"

ಸಾಹೇಬರ ಪೆನ್ನು ನಿಂತಿತು. "ಈ ಗುಡ್ಡೆಗೆ ಮುತ್ತಿನಂಥ ಜೋಳನಾ?"

ಮ್ಯಾನೇಜರು ಮೇಸ್ತ್ರಿಯ ಕಾಲನ್ನು ಬೂಟಿನಲ್ಲಿ ತುಳಿದ. ಮೇಸ್ತ್ರಿ ನೋವಿಗೆ ಸೀಟಿ ಊದಿಬಿಟ್ಟ. "ಅಲ್ಲ ಸಾರ್, ಅವನಿಗೇನ್ ಗೊತ್ತು, ಹೆಬ್ಬೆಟ್ಟು. ನೋಡೋಕೆ ಹಂಗೆ ಕಾಣುತ್ತೆ, ಒಳಗೆಲ್ಲ ವಿಷ."

"ವಿಷ ಅಂದ್ಮೇಲೆ ಅದು ಕಸ ಅಲ್ವಾ ಬುದ್ದಿ?" ಎಂದಳು ಗುಡುಗಕ್ಕ. ಬಾಯಿ ಮುಚ್ಚಿಕೊಂಡಿರು ಅಂದ ಗಂಡನ ಮಾತು ಅಷ್ಟು ಹೊತ್ತು ಉಳಿದದ್ದೇ ಹೆಚ್ಚು. "ಕಸ ತಗೊಂಡ್ ಹೋದ್ಲು ಅಂತ ಜೈಲಿಗೆ ಹಾಕ್ತೀರಾ?"

"ಏಯ್, ನಾವು ಹಿಡಿದದ್ದು ಅವಳ ಜೀವ ಉಳಿಸೋಕೆ!" ಎಂದ ಮ್ಯಾನೇಜರು. ಹೇಳಿದ ಮೇಲೆ ಅದು ಅವನಿಗೇ ಬಹಳ ಹಿಡಿಸಿತು. "ಹೌದು ಸಾರ್. ಇದನ್ನ ತಿಂದಿದ್ರೆ ತಾಯಿ ಮಗು ಇಬ್ರೂ ಸಾಯ್ತಿದ್ರು. ಕಾರ್ಮಿಕರ ಆರೋಗ್ಯ ನಮಗೆ ಮುಖ್ಯ. ಅದಕ್ಕೇ ಪೊಲೀಸ್ ಕರೆಸಿದ್ದು. ಬುದ್ಧಿ ಬರ್ಲಿ ಅಂತ."

ಗಂಡಸರೆಲ್ಲ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಹಸಿದು ಕಂಗಾಲಾಗಿದ್ದ ನಾದಿನಿ ಅಷ್ಟರಲ್ಲಿ ಗುಡ್ಡೆಗೆ ಒರಗಿದ್ದಳು. ಕೈಗೆ ಮೊಳಕೆಗಳು ತಾಗಿದವು. ಒಂದು ಹಿಡಿ ಕಿತ್ತು, ಬೇರು ಸಮೇತ ಬಾಯಿಗೆ ಹಾಕಿಕೊಂಡಳು. ಅವಳಿಗೆ ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ, ಹಸಿವಾಗಿತ್ತು ಅಷ್ಟೆ.

ಅಗಿಯುವ ಸದ್ದು ಎಲ್ಲರಿಗೂ ಕೇಳಿಸಿತು.

"ಉಗುಳೇ! ಉಗುಳು! ಸಾಯ್ತೀಯಾ!" ಎಂದು ಮ್ಯಾನೇಜರು ಕುಣಿದಾಡಿದ.

ನಾದಿನಿ ನುಂಗಿದಳು. ಬಾಯಿ ಒರೆಸಿಕೊಂಡಳು. "ಸಿಹಿಯಾಗಿದೆ ಅತ್ತಿಗೆ," ಎಂದಳು.

ಗುಡುಗಕ್ಕ ಅವಳನ್ನು ನೋಡಿದಳು, ಗುಡ್ಡೆಯನ್ನು ನೋಡಿದಳು. ಎರಡೂ ಕೈ ಗುಡ್ಡೆಯೊಳಗೆ ತೂರಿಸಿ ಬೊಗಸೆ ತುಂಬ ತೆಗೆದುಕೊಂಡಳು. "ನೀನೊಬ್ಳೇ ಯಾಕ್ ಸಾಯ್ತೀಯೇ? ನಾನೂ ಬರ್ತೀನಿ," ಎಂದು ಬಾಯಿಗೆ ತುಂಬಿಕೊಂಡಳು. ಹಿಂದಿನಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಗುಡ್ಡೆಯ ಸುತ್ತ ಕೂತರು. ದಿನಾ ನೀರು ಚಿಮುಕಿಸಿ ಸಾಕಿದ ಗುಡ್ಡೆ, ಮುಟ್ಟಲು ಯಾರಿಗೂ ಸಂಕೋಚವಿರಲಿಲ್ಲ. ಹಲ್ಲಿಲ್ಲದ ಅಜ್ಜಿ ಎಳೆಯ ಮೊಳಕೆಗಳನ್ನೇ ಆರಿಸಿ ಒಸಡಿನಲ್ಲಿ ಅರೆಯುತ್ತಾ, "ಸ್ವಲ್ಪ ಬೆಂಕಿ ತೋರ್ಸಿದ್ರೆ ಮೆತ್ತಗಾಗಿ ನಂಗೂ ಆಗ್ತಿತ್ತು" ಎಂದು ಗೊಣಗಿದಳು.

ಬಾಯ್ಲರಿನ ಕಡೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಬಂದು, ಸೌದೆ ಕೆಂಡ ಎಳೆಯುವ ಸಲಿಕೆಯಲ್ಲಿ ಒಂದು ರಾಶಿ ಮೊಳಕೆ ಜೋಳ ತುಂಬಿಕೊಂಡು ಹೋದ. ಬಾಯ್ಲರಿನ ಬಾಯಿ ತೆರೆದು ಸಲಿಕೆ ಒಳಗಿಟ್ಟ. ಚಟಪಟ ಸದ್ದಾಯಿತು. ಹುರಿದ ಜೋಳದ ವಾಸನೆ ಇಡೀ ಶೆಡ್ಡಿಗೆ ಹರಡಿತು. ಕಾಡು ಕಾಡೇ ತಿಂದಿದ್ದ ಆ ಬಾಯಿಯಿಂದ ಮನುಷ್ಯರು ತಿನ್ನುವಂಥದ್ದು ಹೊರಬಂದಿದ್ದು ಅದೇ ಮೊದಲು. ಬಿಸಿ ಸಲಿಕೆಯನ್ನು ತಂದು ಮೊದಲು ತಂಗಿಯ ಮುಂದಿಟ್ಟ. "ಊದ್ಕೊಂಡ್ ತಿನ್ನು," ಎಂದ. ಆಮೇಲೆ ಅಜ್ಜಿಯ ಮುಂದೆ.

ಸಾಹೇಬರ ಕಟ್ಟಿದ ಮೂಗಿಗೂ ಆ ವಾಸನೆ ತಾಗಿರಬೇಕು. ಕತ್ತೆತ್ತಿದರು.

"ಬರೀರಿ ಸಾಹೇಬ್ರೆ," ಎಂದಳು ಗುಡುಗಕ್ಕ, ಬಾಯಿ ತುಂಬ ಜೋಳ ಇಟ್ಟುಕೊಂಡು. "ಕಣ್ಣಾರೆ ನೋಡ್ತಿದ್ದೀರಲ್ಲ, ನೋಡ್ಕೊಂಡೇ ಬರೀರಿ. ಇದನ್ನ ಮನುಷ್ಯರು ತಿನ್ನಬೋದೋ ಇಲ್ವೋ."

ಮ್ಯಾನೇಜರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ತಲೆಯಾಡಿಸಿದರು. ಗುಡ್ಡೆಯ ಸುತ್ತ ಕೂತು ತಿನ್ನುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮಸಿ ಹಿಡಿದ ಗಂಡನನ್ನು ನೋಡಿದರು. ನೋಡಿ, ಪೆನ್ನು ಕೊಡವಿ, ಬರೆದರು.

"ಏನ್ ಬರೆದ್ರಿ ಸಾರ್?" ಎಂದ ಪೊಲೀಸಿನವನು. ಅವನಿಗೂ ತನ್ನ ಪುಸ್ತಕದಲ್ಲಿ ಬರೆಯಬೇಕಿತ್ತು.

"ಮನುಷ್ಯರು ತಿನ್ನಲು ಯೋಗ್ಯವಲ್ಲ," ಎಂದು ಸಾಹೇಬರು ಓದಿದರು. ಸಹಿ ಹಾಕಿದರು. ಸೀನಿದರು.

ಶೆಡ್ಡಿನಲ್ಲಿ ಅಗಿಯುವುದು ನಿಂತಿತು. ಗುಡುಗಕ್ಕನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ಜನ ಎದುರಿಗೇ ಕೂತು ತಿನ್ನುತ್ತಿದ್ದಾರೆ, ಆ ಮನುಷ್ಯ ಕಣ್ಣಿಗೆ ಕಣ್ಣಿಟ್ಟು ನೋಡಿ ಬರೆದ. ಅವಳಿಗೆ ಕೂಗಬೇಕು ಅನ್ನಿಸಿತು. ಬಾಯಲ್ಲಿದ್ದ ಜೋಳವನ್ನು ಮೊದಲು ನುಂಗಿದಳು. ನುಂಗಿದ ಮೇಲೆ ಅವಳ ಮುಖ ನಿಧಾನವಾಗಿ ಅರಳಿತು.

"ಪೊಲೀಸಪ್ಪಾ, ಸಾಹೇಬ್ರು ಬರೆದದ್ದು ಕೇಳಿಸ್ತಾ? ಮನುಷ್ಯರು ತಿನ್ನೋದಲ್ಲ ಇದು. ನಾವ್ ತಿಂತಿದೀವಿ. ಅಂದ್ಮೇಲೆ ನಾವು ದನ ಅಂತ ಸರ್ಕಾರ ಸಹಿ ಹಾಕ್ತು. ದನ ಹೋಗಿ ಮೇಯ್ದ್ರೆ ಕಳ್ಳತನದ ಕೇಸು ಹಾಕ್ತೀಯಾ? ಹಾಕು ನೋಡೋಣ. ಹಾಕಿ, ಕೋರ್ಟಲ್ಲಿ ಈ ಕಾಗದನೂ ಓದು."

ಪೊಲೀಸಿನವನು ಪೆನ್ನಿನ ತುದಿಯನ್ನು ಕಚ್ಚಿದ. ಸಾಹೇಬರ ಕಾಗದ ನೋಡಿದ, ಮೇಸ್ತ್ರಿಯ ಕರವಸ್ತ್ರ ನೋಡಿದ. ಬಸುರಿಯ ಹೊಟ್ಟೆಯನ್ನು ನೋಡಿದ.

"ದನಕ್ಕೆ ಕಳ್ಳತನದ ಸೆಕ್ಷನ್ ಇಲ್ಲ ಸಾರ್," ಎಂದ ಮ್ಯಾನೇಜರಿಗೆ, ಬಹಳ ಗಂಭೀರವಾಗಿ. "ಬೇಕಾದ್ರೆ ದೊಡ್ಡಿಗೆ ಹೊಡೀಬಹುದು. ಅದು ನಮ್ ಠಾಣೆ ಕೆಲಸ ಅಲ್ಲ."

"ಲೇ, ಅವಳು ಬಾಯಿಗೆ ಬಂದಂತೆ ಹೇಳ್ತಾಳೆ, ನೀನೂ ಕೇಳ್ತೀಯಾ? ಅದು ಒಳ್ಳೇ ಜೋಳ ಕಣೋ! ಲಕ್ಷಾಂತರದ್ದು!"

"ಒಳ್ಳೇ ಜೋಳ ಅಂತ ಬರ್ಕೊಳ್ಳಾ ಸಾರ್?"

ಮ್ಯಾನೇಜರು ಸಾಹೇಬರ ಕಡೆ ತಿರುಗಿದ. ಸಾಹೇಬರು ಆಗಲೇ ಕಾರಿನ ಕಡೆ ಹೊರಟಿದ್ದರು. ಪೊಲೀಸಿನವನು ಪುಸ್ತಕ ಮಡಚಿ, ಹೋಗುವಾಗ ಸಲಿಕೆಯಿಂದ ಒಂದಿಷ್ಟು ಹುರಿದ ಜೋಳ ಟೋಪಿಗೆ ಹಾಕಿಕೊಂಡು ಹೋದ.

ಮೊದಲು ಅಂಬಾ ಅಂದವಳು ಹಲ್ಲಿಲ್ಲದ ಅಜ್ಜಿ. ಹಲ್ಲಿಲ್ಲದ್ದರಿಂದ ಅದು ನಿಜವಾದ ಮುದಿ ಹಸುವಿನದೇ ಕೂಗು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕು ಇನ್ನೊಬ್ಬಳು ಅಂದಳು. ಆಮೇಲೆ ಇಡೀ ಶೆಡ್ಡು ಅಂಬಾ ಅಂದಿತು. ಆಚೆ ಶೆಡ್ಡಿನವರು ಏನಾಯಿತು ಅಂತ ಓಡಿಬಂದು, ಕಾರಣ ಕೇಳಿ, ಅವರೂ ಕೂತು ಮೇಯತೊಡಗಿದರು. ಬಾಯ್ಲರಿಗೆ ಸೌದೆ ಹಾಕುವವನು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದ. ಹಬೆ ಇಳಿಯಿತು, ಪಂಪು ನಿಂತಿತು. ಲೈನ್ ಮನೆಗಳ ಕಡೆಯಿಂದ ಯಾರೋ, "ನಲ್ಲೀಲಿ ನೀರು ಬಂತು" ಎಂದು ಕೂಗಿ ಹೇಳಿದರು.

ಮ್ಯಾನೇಜರು ಗುಡ್ಡೆಯ ಮುಂದೆ ಬಂದು ನಿಂತ. ಕೈಯಲ್ಲಿ ಸಹಿಯಾದ ಕಾಗದ ಇತ್ತು. ಗುಡ್ಡೆ ಅವನ ಕಣ್ಣೆದುರಿಗೇ ಕರಗುತ್ತಿತ್ತು.

"ನಾಳೆಯಿಂದ ಒಬ್ಳೂ ಕೆಲಸಕ್ಕೆ ಕಾಲಿಡ್ಕೂಡ್ದು," ಎಂದ. "ಸಂಜೆಯೊಳಗೆ ಲೈನ್ ಮನೆ ಖಾಲಿ ಮಾಡ್ಬೇಕು. ಕೇಳಿಸ್ತೇನೇ? ಏಯ್ ಗುಡುಗೀ, ನಿಂಗೇ ಹೇಳ್ತಿರೋದು!"

ಗುಡುಗಕ್ಕ ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡಳು. ನಾದಿನಿಯನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು. ಎದುರಿಗೆ ನಿಂತವನ ಮುಖವನ್ನೇ ರೆಪ್ಪೆ ಬಡಿಯದೆ ನೋಡುತ್ತಾ, ದವಡೆಯನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಆಡಿಸುತ್ತಾ, ಅಗಿಯುತ್ತಲೇ ಇದ್ದಳು.